ಹದಿನೇಳು ಜೋಯಿಸರು

ಡಿಸೆಂಬರ್ ತಿಂಗಳ ನಾಲ್ಕನೆಯ ತಾರೀಖು, ಗುರುವಾರ ಸಂಜೆ, ನಮ್ಮ ಚರ್ಚಿನ ಸಭಾಂಗಣದಲ್ಲಿ ಹನ್ನೊಂದು ಕುರ್ಚಿಗಳಿದ್ದವು, ಹನ್ನೆರಡು ಜನರಿದ್ದೆವು. ಹನ್ನೆರಡರಲ್ಲಿ ಹನ್ನೊಂದನ್ನು ಕಳೆದರೆ ಉಳಿಯುವುದು ಒಂದು. ಆ ಒಂದು ನಾನು.

ಜೀವಮಾನವೆಲ್ಲ ಮಕ್ಕಳಿಗೆ ಕಳೆಯುವ ಲೆಕ್ಕ ಕಲಿಸಿದವನಿಗೆ ಶೇಷವಾಗಿ ಉಳಿಯುವುದೆಂದರೇನು ಎಂಬುದು ಅಂದೇ ತಿಳಿದದ್ದು. ನಿಜವಾಗಿ ಒಂದು ಕುರ್ಚಿಯನ್ನು ನಾನು ಮೊದಲೇ ಹಿಡಿದಿದ್ದೆ. ಅದರ ಮೇಲೆ ಕೈಚೀಲವಿಟ್ಟು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ನನ್ನ ಹೆಂಡತಿಯ ತಮ್ಮ ಬಂದು, ಚೀಲವನ್ನು ಎತ್ತಿ ನನ್ನ ಕೈಗೇ ಕೊಟ್ಟು, ಕುಳಿತುಬಿಟ್ಟ. ಅವನು ಮೇಜು ಕುರ್ಚಿಗಳ ವ್ಯಾಪಾರಿ. ಅಂಗಡಿಯಲ್ಲಿ ಮುನ್ನೂರು ಕುರ್ಚಿಗಳಿದ್ದರೂ ಅವನಿಗೆ ಬೇಕಾದದ್ದು ನನ್ನದು.

"ಭಾವ, ನೀವು ನಿಂತೇ ಇರಿ" ಎಂದ. "ನಾಟಕದಲ್ಲಿ ನಿಮ್ಮದು ಹೇಗೂ ಒಂದೇ ಮಾತು. ಅದನ್ನೂ ನಿಂತೇ ಹೇಳ್ತೀರಿ."

ಹನ್ನೊಂದು ಮಂದಿ ನಕ್ಕರು. ನಾನು ನಗಲಿಲ್ಲ. ನಗುವ ಅಭ್ಯಾಸ ನನಗಿಲ್ಲ, ಮತ್ತು ಆ ಕಾರಣಕ್ಕಾಗಿಯೇ ನನಗೆ ನಾಟಕದಲ್ಲಿ ಪಾತ್ರ ದೊರೆತದ್ದು.

ಪ್ರತಿವರ್ಷ ಡಿಸೆಂಬರ್ ಇಪ್ಪತ್ನಾಲ್ಕರ ಸಂಜೆ ನಮ್ಮ ಸಭೆಯವರು ಕ್ರಿಸ್ತಜನನದ ನಾಟಕವನ್ನು ಆಡುತ್ತಾರೆ. ಹತ್ತೊಂಬತ್ತು ವರ್ಷಗಳಿಂದ ಅದರಲ್ಲಿ ಛತ್ರದ ಯಜಮಾನನ ಪಾತ್ರ ನನ್ನದು. ಗರ್ಭಿಣಿಯಾದ ಮರಿಯಳೂ ಯೋಸೇಫನೂ ಬಂದು ಬಾಗಿಲು ತಟ್ಟುತ್ತಾರೆ. ನಾನು ಬಾಗಿಲು ತೆರೆದು, "ಜಾಗವಿಲ್ಲ" ಎಂದು ಹೇಳಿ, ಬಾಗಿಲು ಮುಚ್ಚುತ್ತೇನೆ. ನಾಟಕ ಆಡಿಸುವ ನಿವೃತ್ತ ಪೋಸ್ಟ್‌ಮಾಸ್ಟರು ನನ್ನನ್ನು ಆರಿಸಿದಾಗ ಹೇಳಿದ್ದರು: "ಮೇಷ್ಟ್ರೇ, ನೀವು ನಟಿಸಬೇಡಿ. ಸುಮ್ಮನೆ ಬಂದು ನಿಂತರೆ ಸಾಕು." ನನ್ನ ಹೆಂಡತಿಯ ಮಾತು ಇನ್ನೂ ನೇರ: "ಮನೇಲಿ ದಿನಾ ಹೇಳೋದನ್ನೇ ಅಲ್ಲಿ ವರ್ಷಕ್ಕೊಂದು ಸಲ ಹೇಳ್ತಾರೆ. ಅದರಲ್ಲೇನು ಹೆಚ್ಚುಗಾರಿಕೆ?" ಆದರೂ ಆ ಒಂದು ಮಾತಿಗೆ ಸಭಾಂಗಣವೆಲ್ಲ ಕಾದಿರುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನ ಮಕ್ಕಳ ತುಟಿಗಳು ಆಡುತ್ತಿದ್ದವು. ಇದು ಕೀರ್ತಿಯಲ್ಲದಿದ್ದರೆ ಕೀರ್ತಿ ಎಂದರೇನೆಂದು ನನಗೆ ತಿಳಿಯದು.

ಭಾವಮೈದುನನದು ಮೂರನೆಯ ರಾಜನ ಪಾತ್ರ. ನಕ್ಷತ್ರವನ್ನು ನೋಡಿಕೊಂಡು ಮೂಡಣದಿಂದ ಉಡುಗೊರೆ ಹೊತ್ತು ಬರುವ ಮೂವರು ರಾಜರಲ್ಲಿ ಕಡೆಯವನು. ಮೊದಲ ವರ್ಷ ಅವನಿಗೆ ಒಂದು ವಾಕ್ಯವಿತ್ತು. ವರ್ಷವರ್ಷವೂ ಬೆಳೆದು ಈಗ ಅದು ಭಾಷಣವಾಗಿತ್ತು. ತಲೆಗೆ ಹಿತ್ತಾಳೆಯ ಕಿರೀಟ. ನಿಲುವಂಗಿಯ ಬಾಲ ಎಷ್ಟು ಉದ್ದವೆಂದರೆ, ಅವನು ಮಾತು ಮುಗಿಸಿ ಒಳಕ್ಕೆ ಹೋದ ಮೇಲೂ ಅಂಗಿ ಸ್ವಲ್ಪ ಹೊತ್ತು ರಂಗದ ಮೇಲೇ ಇರುತ್ತಿತ್ತು.

ಈ ವರ್ಷ ಮರಿಯಳ ಪಾತ್ರ ನನ್ನ ಮೊಮ್ಮಗಳಿಗೆ ಬಂದಿತ್ತು. ಅವಳಿಗೆ ಒಂಬತ್ತು ವರ್ಷ. ನಾಲ್ಕು ಜನ ನೋಡಿದರೆ ನಾಲಿಗೆ ಒಣಗುವ ಮಗು. ಹಿಂದಿನ ವರ್ಷ ಒಂದು ಪದ್ಯ ಹೇಳಲು ರಂಗಕ್ಕೆ ಹತ್ತಿ, ಶೀರ್ಷಿಕೆ ಹೇಳಿ, ಇಳಿದು ಓಡಿಹೋಗಿದ್ದಳು. ಶಾಲೆಯಲ್ಲಿ ಆಮೇಲೆ ಅವಳಿಗೆ 'ಶೀರ್ಷಿಕೆ' ಎಂದೇ ಅಡ್ಡಹೆಸರು. ಈ ಸಲ ಅವಳು ಒಪ್ಪಿದ್ದು ಒಂದೇ ಷರತ್ತಿನ ಮೇಲೆ. "ಬಾಗಿಲಲ್ಲಿ ತಾತ ಇದ್ದರೆ ಬರ್ತೀನಿ. ಇಲ್ಲದೇ ಹೋದರೆ ಇಲ್ಲ." ನಾವು ದಿನವೂ ಮನೆಯ ಉಗ್ರಾಣದ ಬಾಗಿಲಲ್ಲಿ ಅಭ್ಯಾಸ ಮಾಡುತ್ತಿದ್ದೆವು. ಅವಳು ಮೂರು ಸಲ ತಟ್ಟುವಳು. ನಾನು ಅಕ್ಕಿಯ ಡಬ್ಬಗಳ ನಡುವಿನಿಂದ "ಜಾಗವಿಲ್ಲ" ಎನ್ನುವೆನು. ಆ ಮಾತು ಕೇಳಿದೊಡನೆ ಅವಳಿಗೆ ಏನೋ ಧೈರ್ಯ. ತಿರಸ್ಕಾರದಿಂದ ಧೈರ್ಯ ಪಡೆಯುವ ಮಗುವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇಷ್ಟಕ್ಕೇ ನಾನು ತೃಪ್ತನಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಇರಲಾರದೆ ಇರುವೆ ಬಿಟ್ಟುಕೊಂಡವರ ಪಟ್ಟಿಯಲ್ಲಿ ನನ್ನದೂ ಒಂದು ಹೆಸರು ಸೇರಬೇಕಿತ್ತು.

ಪೋಸ್ಟ್‌ಮಾಸ್ಟರು ಪಾತ್ರಗಳನ್ನು ಓದತೊಡಗಿದರು. "ಮೂವರು ರಾಜರು. ದಂತವೈದ್ಯರು, ಔಷಧದಂಗಡಿಯವರು, ಮತ್ತೆ…"

"ಮತ್ತೆ ಯಾರು, ನಾನೇ" ಎಂದ ಭಾವಮೈದುನ, ನನ್ನ ಕುರ್ಚಿಯ ಬೆನ್ನಿಗೆ ಒರಗಿ.

"ಮೂವರು ಎಂದು ಎಣಿಸಿದವರು ಯಾರು?" ಎಂದೆ ನಾನು.

ಮಾತು ಬಾಯಿಂದ ಜಾರಿತ್ತು. ಅದರ ಮೂಲ ಇಷ್ಟೇ: ಎರಡು ದಿನಗಳ ಹಿಂದೆ ಮೊಮ್ಮಗಳಿಗೆ ಮತ್ತಾಯನ ಸುವಾರ್ತೆಯ ಎರಡನೆಯ ಅಧ್ಯಾಯವನ್ನು ಓದಿ ಹೇಳುತ್ತಿದ್ದಾಗ ಅವಳು, "ತಾತ, ಮೂರು ಅಂತ ಎಲ್ಲಿದೆ?" ಎಂದು ಕೇಳಿದ್ದಳು. ನಾನು ಹುಡುಕಿದ್ದೆ; ಸಿಕ್ಕಿರಲಿಲ್ಲ. ಲೆಕ್ಕದ ಮೇಷ್ಟರಿಗೆ ಕಾಣೆಯಾದ ಸಂಖ್ಯೆಯೊಂದು ಸಿಗುವುದು ಬೇಟೆಗಾರನಿಗೆ ಹೆಜ್ಜೆಗುರುತು ಸಿಕ್ಕಂತೆ.

"ಏನ್ ಭಾವ, ಲೋಕಕ್ಕೆಲ್ಲ ಗೊತ್ತು ಮೂವರು ಅಂತ!"

"ಲೋಕಕ್ಕೆ ಗೊತ್ತಿರಬಹುದು. ಪುಸ್ತಕಕ್ಕೆ ಗೊತ್ತಿಲ್ಲ."

"ಪುಸ್ತಕದಲ್ಲಿ ಮೂರು ಅಂತ ಇಲ್ಲದೇ ಹೋದರೆ ನನ್ನ ಮೀಸೆ ಬೋಳಿಸ್ಕೋತೀನಿ!"

ಅವನ ಮೀಸೆ ಸಾಮಾನ್ಯವಾದದ್ದಲ್ಲ. ಎರಡು ಕಡೆಯಲ್ಲೂ ಆವರಣ ಚಿಹ್ನೆಗಳಂತೆ ಬಾಗಿ, ಬಾಯಿಯನ್ನು ಒಂದು ಬೀಜಗಣಿತದ ಪದದಂತೆ ಮಧ್ಯದಲ್ಲಿ ಹಿಡಿದಿಟ್ಟಿರುತ್ತದೆ. ನನ್ನದು ಕಳೆಯುವ ಚಿಹ್ನೆಯಷ್ಟೇ.

ಪಾದ್ರಿಗಳು ಆ ವರ್ಷವೇ ಬಂದಿದ್ದ ತರುಣರು. ಯಾರನ್ನೂ ನೋಯಿಸಬಾರದೆಂಬ ನಿರ್ಧಾರದಿಂದ ಎಲ್ಲರನ್ನೂ ಸ್ವಲ್ಪ ಸ್ವಲ್ಪ ನೋಯಿಸುತ್ತಿದ್ದವರು. ಅವರು ಸತ್ಯವೇದ ತೆರೆದು ಓದಿದರು. ಮತ್ತೊಮ್ಮೆ ಓದಿದರು. "ಮೂಡಣ ದೇಶದ ಜೋಯಿಸರು ಬಂದರು ಅಂತಿದೆ. ಎಷ್ಟು ಜನ ಅಂತ ಇಲ್ಲ" ಎಂದು ಮೆಲ್ಲಗೆ ಹೇಳಿ, "ರಾಜರು ಅಂತಲೂ ಇಲ್ಲ" ಎಂದು ಇನ್ನೂ ಮೆಲ್ಲಗೆ ಸೇರಿಸಿದರು.

"ಮೂರು ಉಡುಗೊರೆ ಇದೆಯಲ್ಲ ಅಯ್ಯನವರೇ! ಚಿನ್ನ, ಧೂಪ, ರಕ್ತಬೋಳ. ಮೂರು ಉಡುಗೊರೆ ಅಂದ ಮೇಲೆ ಮೂವರೇ ತಾನೇ?"

"ಇದು ಯಾವ ಲೆಕ್ಕ?" ಎಂದೆ ನಾನು. "ನನ್ನ ಮದುವೆಗೆ ನಿಮ್ಮ ಮನೆಯ ಕಡೆಯಿಂದ ನಲವತ್ತು ಮಂದಿ ಬಂದಿರಿ. ತಂದದ್ದು ಒಂದು ಗೋಡೆ ಗಡಿಯಾರ. ನಿನ್ನ ಲೆಕ್ಕದಂತೆ ಅಂದು ಊಟಕ್ಕೆ ಕುಳಿತವನು ಒಬ್ಬನೇ ಆಗಬೇಕಿತ್ತು. ಆ ಗಡಿಯಾರವೂ ನಡೆಯುತ್ತಿರಲಿಲ್ಲ."

ಈಗ ಹತ್ತು ಮಂದಿ ನಕ್ಕರು. ಆ ನಗುವೇ ನನ್ನ ಕೇಡಿಗೆ ಕಾರಣವಾಯಿತು. ಎಂದೂ ಕುಡಿಯದವನಿಗೆ ಮೊದಲ ಗುಟುಕು ಏರುವಂತೆ ಎಂದೂ ನಗಿಸದವನ ತಲೆಗೆ ಅದು ಏರಿತು. ನಾನು ಕೈಚೀಲವನ್ನು ಎದೆಗೆ ಅಪ್ಪಿಕೊಂಡು ಒಂದು ಗೊತ್ತುವಳಿ ಮಂಡಿಸಿದೆ: ಪುಸ್ತಕದಲ್ಲಿ ಇಲ್ಲದ್ದು ರಂಗದ ಮೇಲೂ ಇರಕೂಡದು. ಅದು ಹನ್ನೊಂದಕ್ಕೆ ಒಂದು ಮತದಿಂದ ಅಂಗೀಕಾರವಾಯಿತು. ಹಿತ್ತಾಳೆಯ ಕಿರೀಟ ರದ್ದಾಯಿತು. ರಾಜರು ಅಂದಿನಿಂದ ಜೋಯಿಸರಾದರು.

"ಮೀಸೆ?" ಎಂದು ಕೇಳಿದೆ.

"ನಾಟಕ ಮುಗೀಲಿ ಭಾವ. ಮೀಸೆ ಇಲ್ಲದ ಜೋಯಿಸನ್ನ ಯಾರು ನಂಬ್ತಾರೆ?"

ವಾಯಿದೆ ಕೊಟ್ಟೆ. ಕಿರೀಟವಿಳಿದರೂ ಕುರ್ಚಿಯಿಂದ ಮಾತ್ರ ಅವನು ಏಳಲಿಲ್ಲ.

ಮರುದಿನ ಬೆಳಿಗ್ಗೆ ಕ್ಷೌರಕ್ಕೆ ಹೋದೆ. ಕ್ಷೌರಿಕನು ನನ್ನ ಕೆನ್ನೆಗೆ ನೊರೆ ಹಚ್ಚಿ, ಕತ್ತಿಯನ್ನು ಗಂಟಲ ಬಳಿ ಹಿಡಿದು, ಕೇಳಿದ: "ಮೇಷ್ಟ್ರೇ, ಜೋಯಿಸರು ಎಷ್ಟು ಜನ ಅಂತ ಲೆಕ್ಕ ಇಲ್ಲವಂತೆ?"

"ಇಲ್ಲ."

"ನಾಲ್ಕೂ ಇರಬಹುದಾ?"

"ಒಂದಕ್ಕಿಂತ ಹೆಚ್ಚು. ಅಷ್ಟೇ ಹೇಳಬಹುದು."

"ಹಾಗಾದರೆ ನಾನೂ ಇದ್ದಿರಬಹುದು."

"ನೀನು ಹೇಗೆ…"

"ಇರಲಿಲ್ಲ ಅಂತ ಪುಸ್ತಕದಲ್ಲಿ ಇದೆಯಾ?" ಕತ್ತಿ ಅಲ್ಲಾಡಲಿಲ್ಲ. ಇರಲಿಲ್ಲವೆಂದು ಪುಸ್ತಕದಲ್ಲಿ ಇಲ್ಲವೆಂದು ನಾನು ಒಪ್ಪಿಕೊಂಡೆ. ಅಂತಹ ಸ್ಥಿತಿಯಲ್ಲಿ ಯಾರಾದರೂ ಒಪ್ಪಿಕೊಳ್ಳುತ್ತಾರೆ.

ಅವನು ನಾಲ್ಕನೆಯ ಜೋಯಿಸನಾದ. ಕ್ಷೌರಿಕನಿಗೆ ಕೊಟ್ಟಮೇಲೆ ಪಕ್ಕದ ಬೇಕರಿಯವನಿಗೆ ಇಲ್ಲವೆನ್ನುವುದು ಹೇಗೆ? ಬೇಕರಿಯವನಾದ ಮೇಲೆ ಅವನಿಗೆ ಅಂಗಡಿ ಬಾಡಿಗೆಗೆ ಕೊಟ್ಟ ಯಜಮಾನನಿಗೆ? ವಿದ್ಯುತ್ ಮೀಟರ್ ಓದುವವನು ಬಂದು, ನಮ್ಮ ಮನೆಯ ಮೀಟರ್ ಓದುವ ಮೊದಲೇ, "ಸಾರ್, ನನಗೂ ಒಂದು" ಎಂದ. ಮೂವತ್ತು ವರ್ಷಗಳಿಂದ ಪರದೆ ಎಳೆಯುವುದರಲ್ಲೇ ಆಯುಷ್ಯ ಸವೆಸಿದವರು, ಕುರಿಯ ಹಿಂಗಾಲುಗಳಾಗಿ ಬೆನ್ನು ಬಾಗಿದವರು, ಎಲ್ಲರೂ ತಮ್ಮ ನ್ಯಾಯವಾದ ಪಾಲು ಕೇಳಲು ಬಂದರು. ಪೋಸ್ಟ್‌ಮಾಸ್ಟರು ಪಾದ್ರಿಗಳ ಬಳಿಗೆ ಓಡಿದರು. ಪಾದ್ರಿಗಳು, "ಸಂಖ್ಯೆಯ ಕಾರಣದಿಂದ ಯಾರನ್ನೂ ತಡೆಯೋಕೆ ನನಗೆ ಅಧಿಕಾರ ಇಲ್ಲ" ಎಂದರು. ಒಂದು ವಾರದಲ್ಲಿ ಜೋಯಿಸರು ಹದಿನೇಳಾದರು. ರಂಗದ ಅಗಲ ಮಾತ್ರ ಮೊದಲಿನಷ್ಟೇ ಇತ್ತು.

ಅವರಿಗೆಲ್ಲ ನಿಲುವಂಗಿ ಹೊಲಿಯಬೇಕಾದ ದರ್ಜಿಯಮ್ಮ ಅಳತೆಯ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು ನಮ್ಮ ಮನೆಗೆ ಬಂದಳು. ಅವಳು ಅದನ್ನು ನನ್ನ ಕೊರಳಿಗೆ ಹಾಕಲು ತಂದಂತಿತ್ತು.

"ಬಟ್ಟೆ ಎಲ್ಲಿಂದ ತರಲಿ ಮೇಷ್ಟ್ರೇ? ಹೇಳಿ, ಲೆಕ್ಕ ಗೊತ್ತಿರೋರು ನೀವು."

ನಾನು ಉತ್ತರಕ್ಕಾಗಿ ಯೋಚಿಸುತ್ತಿರುವಾಗ ಅವಳ ದೃಷ್ಟಿ ನಮ್ಮ ಕಿಟಕಿಯ ಪರದೆಗಳ ಮೇಲೆ ಬಿತ್ತು. ಅಂದು ಸಂಜೆಯಿಂದ ನಮ್ಮ ಮನೆಯೊಳಗಿನದೆಲ್ಲ ಬೀದಿಗೆ ಕಾಣತೊಡಗಿತು.

ಕಂಡದ್ದಕ್ಕೆ ತಕ್ಕಂತೆ ಬೀದಿಯೂ ಒಳಗೆ ಬಂತು. ನಾನು ಪುಸ್ತಕದಲ್ಲಿ ತಪ್ಪು ಹಿಡಿದಿದ್ದೇನೆಂಬ ಸುದ್ದಿ ಹಬ್ಬಿತ್ತು. ತಪ್ಪು ಪುಸ್ತಕದಲ್ಲಲ್ಲ, ಓದದ ನಮ್ಮಲ್ಲಿ ಎಂದು ನಾನು ವಿವರಿಸುತ್ತಿದ್ದೆ. ಅದನ್ನು ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ. ಹಣ್ಣಿನಂಗಡಿಯಾಕೆ ಬಂದು, ಏದೆನಿನ ತೋಟದಲ್ಲಿ ಹವ್ವಳು ತಿಂದದ್ದು ಸೇಬೆಂದು ಎಲ್ಲಿ ಬರೆದಿದೆ ಎಂದು ಕೇಳಿದಳು. ಆದಿಕಾಂಡದ ಮೂರನೆಯ ಅಧ್ಯಾಯವನ್ನು ತೆರೆದು ತೋರಿಸಿದೆ. ಹಣ್ಣು ಎಂದಷ್ಟೇ ಇದೆ, ಯಾವ ಹಣ್ಣೆಂದಿಲ್ಲ. "ಅಯ್ಯೋ ನನ್ನಪ್ಪ! ಇಷ್ಟು ಕಾಲ ನನ್ನ ಸರಕಿನ ಮೇಲೆ ಸುಳ್ಳು ಅಪವಾದ!" ಎಂದು ಹೊರಟವಳು ಮರುದಿನ ಅಂಗಡಿಯ ಮುಂದೆ 'ನಿರ್ದೋಷಿ ಸೇಬು' ಎಂದು ಹಲಗೆ ತೂಗುಹಾಕಿ, ಬೆಲೆಯನ್ನೂ ಏರಿಸಿದಳು. ಮೀನಿನಂಗಡಿಯವನು ಯೋನನನ್ನು ನುಂಗಿದ್ದು ತಿಮಿಂಗಿಲವೋ ಅಲ್ಲವೋ ಎಂದು ಕೇಳಿದ. ದೊಡ್ಡ ಮೀನು ಎಂದು ಮಾತ್ರ ಇದೆ ಎಂದೆ. "ನಾನು ಮೊದಲಿಂದಲೂ ಹೇಳ್ತಿದ್ದೆ, ಮೀನೇ ಅಂತ" ಎಂದು ಅವನು ನನ್ನ ಕೈ ಕುಲುಕಿದ. ಆ ವಾಸನೆ ಎರಡು ದಿನ ಉಳಿಯಿತು.

ನನಗೂ ಹುರುಪು ಹತ್ತಿತ್ತೆಂಬುದನ್ನು ಮುಚ್ಚಿಡಲಾರೆ. ಆದಿಕಾಂಡದ ಪ್ರಕಾರ ನೋಹನ ತಾತ ಮೆತೂಷೆಲಹನು ಬದುಕಿದ್ದು ಒಂಬೈನೂರ ಅರವತ್ತೊಂಬತ್ತು ವರ್ಷ. ಅವನಿಗೆ ನೂರ ಎಂಬತ್ತೇಳಾಗಿದ್ದಾಗ ಲೆಮೆಕನು ಹುಟ್ಟಿದ. ಲೆಮೆಕನಿಗೆ ನೂರ ಎಂಬತ್ತೆರಡಾಗಿದ್ದಾಗ ನೋಹನು ಹುಟ್ಟಿದ. ನೋಹನಿಗೆ ಆರುನೂರಾಗಿದ್ದಾಗ ಜಲಪ್ರಳಯವಾಯಿತು. ಕೂಡಿಸಿದರೆ ಒಂಬೈನೂರ ಅರವತ್ತೊಂಬತ್ತು! ಮುದುಕ ಸತ್ತದ್ದು ಪ್ರಳಯದ ವರ್ಷವೇ. ಈ ಲೆಕ್ಕ ಹೊಳೆದ ಕೂಡಲೇ ನಾನು ಊಟದ ತಟ್ಟೆ ಬಿಟ್ಟೆದ್ದು ಪಾದ್ರಿಗಳ ಮನೆಗೆ ಹೋಗಿ, "ವಯಸ್ಸಾಗಿ ಸತ್ತನೋ, ನೀರಿನಲ್ಲಿ ಸತ್ತನೋ?" ಎಂದು ಕೇಳಿದೆ. ಅವರೂ ಊಟ ಮಾಡುತ್ತಿದ್ದರು. "ಅದೂ ಪುಸ್ತಕದಲ್ಲಿ ಇಲ್ಲ ಮೇಷ್ಟ್ರೇ" ಎಂದು ತುತ್ತು ಕೈಯಲ್ಲಿ ಹಿಡಿದೇ ಹೇಳಿದರು. ಆ ಮುಖದಲ್ಲಿ ನನ್ನ ಆಯುಷ್ಯವನ್ನೂ ಲೆಕ್ಕ ಹಾಕುತ್ತಿರುವ ಛಾಯೆಯೊಂದು ಕಂಡಿತು.

ಹಿಂದಿರುಗಿದಾಗ ನನ್ನ ಹೆಂಡತಿ ಮುಂಗೋಣೆಯ ಗೋಡೆಯ ಮುಂದೆ ನಿಂತಿದ್ದಳು. ಅಲ್ಲಿ ನನ್ನ ಕೈಬರಹದ ಒಂದು ಚೌಕಟ್ಟು ಇದೆ: 'ತನಗೆ ತಾನು ಸಹಾಯ ಮಾಡಿಕೊಳ್ಳುವವನಿಗೆ ದೇವರು ಸಹಾಯ ಮಾಡುತ್ತಾನೆ – ಸತ್ಯವೇದ.'

"ಏನ್ರೀ, ಇದು ಯಾವ ಅಧ್ಯಾಯ?"

ಹುಡುಕಿದೆ. ಜ್ಞಾನೋಕ್ತಿಗಳಲ್ಲಿ ಹುಡುಕಿದೆ, ಕೀರ್ತನೆಗಳಲ್ಲಿ ಹುಡುಕಿದೆ. ಎಲ್ಲೂ ಇಲ್ಲ. ಮೂವತ್ತು ವರ್ಷ ಅಡುಗೆಮನೆಯಿಂದ ಅವಳು ಒಂದು ಕೈ ನೆರವು ಕೇಳಿದಾಗಲೆಲ್ಲ ನಾನು ಆ ಚೌಕಟ್ಟನ್ನು ಬೆರಳಿಟ್ಟು ತೋರಿಸಿದ್ದೆ.

"ಸಿಕ್ಕಿತಾ?"

"ಇಲ್ಲ."

"ಸರಿ. ಪಾತ್ರೆ ಅಲ್ಲಿದೆ."

ನಾನು ಪಾತ್ರೆ ತೊಳೆದೆ. ಪರದೆಯಿಲ್ಲದ ಕಿಟಕಿಯ ಮೂಲಕ ಬೀದಿ ಅದನ್ನೂ ನೋಡಿತು.

ಹದಿನಾರನೆಯ ತಾರೀಖಿನಂದು ಎರಡನೆಯ ಸಭೆ ಸೇರಿತು. ಭಾವಮೈದುನ ಭೂತಗನ್ನಡಿಯೊಂದನ್ನು ಹಿಡಿದು ಬಂದಿದ್ದ. ಜೀವನದಲ್ಲಿ ಬೆಲೆಪಟ್ಟಿಯನ್ನಲ್ಲದೆ ಬೇರೇನನ್ನೂ ಓದದ ಮನುಷ್ಯ ಕಿರೀಟದ ಸೇಡಿಗಾಗಿ ಹನ್ನೆರಡು ದಿನ ಸತ್ಯವೇದವನ್ನು ಓದಿದ್ದ. ಪಾದ್ರಿಗಳು ಇದನ್ನು ಕೇಳಿ ಕಣ್ಣೊರೆಸಿಕೊಂಡರು. ಅವನು ಓದಿದ ಕಾರಣ ಅವರಿಗೆ ತಿಳಿದಿರಲಿಲ್ಲ.

"ಭಾವ," ಎಂದ ಬಲು ಮೃದುವಾಗಿ, "ಛತ್ರದ ಯಜಮಾನ ಯಾವ ಅಧ್ಯಾಯದಲ್ಲಿ ಬರ್ತಾನೆ?"

"ಲೂಕನ ಸುವಾರ್ತೆ. ಎರಡನೆಯ ಅಧ್ಯಾಯ."

"ಖಂಡಿತ ಇದ್ದಾನಾ?"

"ಅವನು ಅಲ್ಲಿ ಇಲ್ಲದಿದ್ದರೆ ನನ್ನ ಮೀಸೆಯನ್ನೂ ಬೋಳಿಸಿಕೊಳ್ಳುತ್ತೇನೆ" ಎಂದೆ. ಹತ್ತೊಂಬತ್ತು ವರ್ಷ ನಾನೇ ಅವನಾಗಿದ್ದೆ. ನಾನು ಇದ್ದೇನೆಯೋ ಇಲ್ಲವೋ ಎಂದು ಪರೀಕ್ಷಿಸುವ ಅಗತ್ಯ ಯಾರಿಗಾದರೂ ತೋರುತ್ತದೆಯೇ?

ಪಾದ್ರಿಗಳು ಓದಿದರು. ಮಗು ಹುಟ್ಟಿತು, ಬಟ್ಟೆಯಲ್ಲಿ ಸುತ್ತಿದಳು, ದನಗಳ ಮೇವಿನ ಗೋದಲಿಯಲ್ಲಿ ಮಲಗಿಸಿದಳು, ಏಕೆಂದರೆ ಛತ್ರದಲ್ಲಿ ಅವರಿಗೆ ಸ್ಥಳವಿರಲಿಲ್ಲ. ಅಷ್ಟೇ. ಬಾಗಿಲು ತಟ್ಟಿದ ಸುದ್ದಿಯಿಲ್ಲ. ಬಾಗಿಲು ತೆರೆದವನ ಸುದ್ದಿಯಿಲ್ಲ. "ಯಜಮಾನ ಅಂತ… ಯಾರೂ ಕಾಣಿಸ್ತಿಲ್ಲ" ಎಂದರು ಪಾದ್ರಿಗಳು, ಪುಟವನ್ನು ತಿರುವಿ ಹಿಂದೆಯೂ ನೋಡುತ್ತ, ನಾನು ಅಲ್ಲೆಲ್ಲೋ ಅವಿತಿರಬಹುದೇನೋ ಎಂಬಂತೆ.

"ಛತ್ರವಿದ್ದ ಮೇಲೆ ಯಜಮಾನನೂ ಇರಬೇಕಲ್ಲವೇ?" ಎಂದೆ. ಧ್ವನಿ ನನ್ನದೇ ಆಗಿತ್ತು. ತರ್ಕ ಯಾರದೆಂದು ಹೇಳಬೇಕಾಗಿಲ್ಲ.

"ಮೂರು ಉಡುಗೊರೆ ಇದ್ದ ಮೇಲೆ ಮೂವರು ಇರಬೇಕಲ್ಲ ಅಂತ ನಾನು ಕೇಳಿದಾಗ ತಾವೇನಂದಿರಿ ಭಾವ? ಗಡಿಯಾರದ ವಿಷಯ ಏನೋ ಹೇಳಿದಿರಿ." ಅವನು ಸಭೆಯತ್ತ ತಿರುಗಿದ. "ಇನ್ನೊಂದು ಮಾತು. ಮರಿಯಳು ಕತ್ತೆ ಮೇಲೆ ಬಂದಳು ಅಂತಲೂ ಇಲ್ಲ. ಆ ಮರದ ಕತ್ತೆ ನಮ್ಮ ಅಂಗಡಿಯದೇ. ಆದರೂ ನಿಯಮ ಅಂದರೆ ನಿಯಮ. ನಾನು ವಾಪಸ್ ತಗೋತೀನಿ."

ನನ್ನನ್ನು ತೆಗೆಯಲು ಸ್ವಂತ ಕತ್ತೆಯನ್ನೇ ಬಲಿಗೊಟ್ಟ ಅವನ ನಿಷ್ಠೆಯನ್ನು ಮೆಚ್ಚದೆ ಇರಲಾರೆ. ಒಂದೇ ಗೊತ್ತುವಳಿಯಲ್ಲಿ ನಮ್ಮಿಬ್ಬರನ್ನೂ ಕೈಬಿಡಲಾಯಿತು. ನಡಾವಳಿಯಲ್ಲಿ ಕತ್ತೆಯ ಹೆಸರು ಮೊದಲು ಬಂದಿದೆ. ಗೊತ್ತುವಳಿಗೆ ಆಧಾರವಾಗಿ ಉಲ್ಲೇಖಿಸಿದ ನಿಯಮದ ಕೆಳಗೆ ಇದ್ದ ಸಹಿ ನನ್ನದು.

ಮನೆಗೆ ಬಂದಾಗ ಮೊಮ್ಮಗಳು ಉಗ್ರಾಣದ ಬಾಗಿಲ ಮುಂದೆ, ತಲೆಗೆ ನೀಲಿ ಬಟ್ಟೆ ಹೊದ್ದು, ಕಾದು ನಿಂತಿದ್ದಳು. ನಾನು ವಿಷಯ ಹೇಳಿದೆ. ಅವಳು ಅಳಲಿಲ್ಲ. ಬಾಗಿಲನ್ನು ನೋಡಿದಳು, ನನ್ನನ್ನು ನೋಡಿದಳು.

"ಹಾಗಾದರೆ ನಾನು ಯಾರ ಬಾಗಿಲು ತಟ್ಟಲಿ, ತಾತ?"

"ಈಗ ಬಾಗಿಲೇ ಇಲ್ಲ. ನೇರವಾಗಿ ಗೋದಲಿಯ ಹತ್ತಿರ ಹೋಗಿ ಕುಳಿತುಕೊಳ್ಳಬೇಕು."

"ನೀವು?"

"ಮುಂದಿನ ಸಾಲಿನಲ್ಲಿ ಇರುತ್ತೇನೆ."

"ಮುಂದಿನ ಸಾಲಲ್ಲಿ ಎಲ್ಲರೂ ಇರ್ತಾರೆ" ಎಂದು ಹೇಳಿ, ತಲೆಯ ಬಟ್ಟೆಯನ್ನು ತೆಗೆದು, ಎರಡು ಮಡಿಕೆ ಮಾಡಿ, ಅಕ್ಕಿ ಡಬ್ಬದ ಮೇಲಿಟ್ಟು ಒಳಗೆ ಹೋದಳು.

ನನ್ನ ಹೆಂಡತಿ ಅಡುಗೆಮನೆಯಿಂದ ಎಲ್ಲವನ್ನೂ ಕೇಳಿದ್ದಳು. "ಮಗು ಮತ್ತೆ 'ಶೀರ್ಷಿಕೆ' ಆಗಬೇಕಾ? ಹೋಗಿ ನನ್ನ ತಮ್ಮನ್ನ ಕೇಳಿ. ನಿಮ್ಮನ್ನೂ ಜೋಯಿಸರಲ್ಲಿ ಸೇರಿಸ್ಕೋ ಅನ್ನಿ. ಹದಿನೇಳು ಇರೋ ಕಡೆ ಹದಿನೆಂಟನೆಯವನು ಭಾರ ಆಗಲ್ಲ."

ನಾನು ಹೋದೆ. ಭಾವಮೈದುನ ಈಗ ಹದಿನೇಳು ಜೋಯಿಸರಿಗೂ ಮುಖಂಡನಾಗಿದ್ದ. ಅಂಗಡಿಯಲ್ಲಿ ಮುನ್ನೂರು ಖಾಲಿ ಕುರ್ಚಿಗಳ ನಡುವೆ ಅವನು ಕುಳಿತಿದ್ದ, ನಾನು ನಿಂತಿದ್ದೆ. ಕೂರಿ ಎನ್ನಲಿಲ್ಲ. ನಾನು ಬಂದ ಕಾರಣವನ್ನು ಎರಡು ವಾಕ್ಯಗಳಲ್ಲಿ ಹೇಳಿದೆ. ಮೊಮ್ಮಗಳ ಹೆಸರಿನಲ್ಲಿ ಕೇಳಬೇಕಾಗಿತ್ತು. ಮೊಂಡುತನದಿಂದ ನನ್ನ ಹೆಸರಿನಲ್ಲೇ ಕೇಳಿದೆ. ಅವನು ಮೀಸೆಯ ಎರಡು ಆವರಣಗಳನ್ನೂ ತೀಡಿ, ಮೂಗು ಎತ್ತಿ, ನಾನು ಹತ್ತೊಂಬತ್ತು ವರ್ಷ ನಿಂತ ಭಂಗಿಯಲ್ಲೇ ಎದ್ದು ನಿಂತು, ನನ್ನದೇ ಧ್ವನಿಯಲ್ಲಿ ಹೇಳಿದ:

"ಜಾಗವಿಲ್ಲ."

ನಟನೆ ಚೆನ್ನಾಗಿತ್ತು. ಆ ಮಾತನ್ನು ಕೇಳಿಸಿಕೊಳ್ಳುವವನ ಕಡೆಯಿಂದ ಅದು ಹೇಗಿರುತ್ತದೆಂದು ನನಗೆ ಮೊದಲ ಬಾರಿ ತಿಳಿಯಿತು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ. ನನ್ನ ಮೀಸೆಗೆ ಮಣ್ಣಾಗುವ ಅವಕಾಶವೂ ಇರಲಿಲ್ಲ. ಅದು ಆಗಲೇ ಪಂತಕ್ಕೆ ಒತ್ತೆ ಬಿದ್ದಿತ್ತು.

ಇಪ್ಪತ್ನಾಲ್ಕನೆಯ ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ನನಗೆ ಮೊದಲ ಸಾಲಿನ ಕೊನೆಯ ಕುರ್ಚಿ ಸಿಕ್ಕಿತು. ಎರಡೂ ಕೈಗಳಿಂದ ಅದರ ಅಂಚು ಹಿಡಿದು ಕುಳಿತೆ. ಮೊಮ್ಮಗಳನ್ನು ಅವಳ ಅಜ್ಜಿ ಹೇಗೋ ಒಪ್ಪಿಸಿ ಪರದೆಯ ಹಿಂದಿನವರೆಗೆ ಕರೆತಂದಿದ್ದಳು. ರಂಗಕ್ಕೆ ಬರುತ್ತಾಳೆಂಬ ಭರವಸೆ ಅಜ್ಜಿಗೂ ಇರಲಿಲ್ಲ.

ಪರದೆ ಸರಿಯಿತು. ಬಾಗಿಲಿಲ್ಲ, ಕತ್ತೆಯಿಲ್ಲ, ಗೋದಲಿಯೊಂದೇ. ಯೋಸೇಫನಾಗಿದ್ದ ಹುಡುಗ ಬಂದು, ಪಕ್ಕದಲ್ಲಿ ಯಾರೂ ಇಲ್ಲದ್ದನ್ನು ಕಂಡು, ತಿರುಗಿ ಒಳಕ್ಕೆ ನೋಡಿದ. ಯಾರೂ ಬರಲಿಲ್ಲ. ಪೋಸ್ಟ್‌ಮಾಸ್ಟರು ಒಳಗಿನಿಂದ ಏನೋ ಪಿಸುಗುಟ್ಟಿದರು. ಯಾರೂ ಬರಲಿಲ್ಲ. ಹಿಂದಿನ ಸಾಲಿನಲ್ಲಿ ಒಂದು ಮಗು, "ಶೀರ್ಷಿಕೆ!" ಎಂದಿತು. ಕೆಲವರು ಕಿಸಕ್ಕನೆ ನಕ್ಕರು.

ಆಗ ರಂಗದ ಪಕ್ಕದ ಮರೆಯಿಂದ ಸದ್ದು ಬಂತು. ಹಲಗೆಯ ಮೇಲೆ ಬೆರಳ ಗೆಣ್ಣಿನಿಂದ ಮೂರು ಸಲ. ಟಕ್, ಟಕ್, ಟಕ್.

ಬಡಗಿಯ ಕೆಲಸ ಇನ್ನೂ ಮುಗಿದಿಲ್ಲವೆಂದು ಸಭೆ ಭಾವಿಸಿತು. ನನಗೆ ಅರ್ಥವಾಯಿತು. ಆ ಸದ್ದು ಉಗ್ರಾಣದ ಬಾಗಿಲಿನದು. ಉತ್ತರ ಬರುವವರೆಗೂ ಅವಳು ಹೊರಗೆ ಕಾಲಿಡುವವಳಲ್ಲ. ನಾನೇ ಬರೆದ, ನಾನೇ ಸಹಿ ಮಾಡಿದ ನಿಯಮದ ಪ್ರಕಾರ ಉತ್ತರ ಕೊಡಬೇಕಾದವನು ಭೂಮಿಯ ಮೇಲೆ ಇರಲೇ ಇಲ್ಲ.

ಮತ್ತೆ ಮೂರು ಸಲ. ಈ ಸಲ ಸದ್ದು ಸಣ್ಣದಾಗಿತ್ತು.

ನಾನು ಎದ್ದು ನಿಂತೆ. ಕೈಯಲ್ಲಿ ಕೈಚೀಲವಿತ್ತು, ತಲೆಯ ಮೇಲೆ ಛತ್ರವಿರಲಿಲ್ಲ. ಹತ್ತೊಂಬತ್ತು ವರ್ಷಗಳ ಕಠೋರತೆಯನ್ನೆಲ್ಲ ಕೂಡಿಸಿ ಹೇಳಿದೆ:

"ಜಾಗವಿಲ್ಲ!"

ಬಳಿಕ ಎದ್ದ ಚಪ್ಪಾಳೆ ಯಾವ ರಾಜನಿಗೂ ಆ ರಂಗದ ಮೇಲೆ ದೊರೆತದ್ದಲ್ಲ. ಅದು ಮುಗಿಯುವ ಮೊದಲೇ ಮರೆಯಿಂದ ನೀಲಿ ಬಟ್ಟೆ ಹೊದ್ದ ಮರಿಯಳು ತಲೆಯೆತ್ತಿಕೊಂಡು ಬಂದು, ನನ್ನತ್ತ ಒಮ್ಮೆ ನೋಡಿ, ಗೋದಲಿಯ ಪಕ್ಕದಲ್ಲಿ ಕುಳಿತು, ತನ್ನ ಮಾತುಗಳನ್ನು ಒಂದೂ ಬಿಡದೆ ಹೇಳಿದಳು.

"ಮೇಷ್ಟ್ರೇ, ನಿಯಮ…" ಎಂದು ಪಾದ್ರಿಗಳು ಹಿಂದಿನಿಂದ ಬಗ್ಗಿ ಪಿಸುಗುಟ್ಟಿದರು.

"ರಂಗದ ಮೇಲೆ ಇರಕೂಡದು ಎಂದಿದೆ. ನಾನು ಕೆಳಗಿದ್ದೇನೆ" ಎಂದೆ.

ಇಷ್ಟರಲ್ಲಿ ಜೋಯಿಸರು ಬರತೊಡಗಿದರು. ದಂತವೈದ್ಯರು, ಔಷಧದಂಗಡಿಯವರು, ಕ್ಷೌರಿಕ, ಬೇಕರಿಯವನು, ಮೀಟರ್ ಓದುವವನು. ನಮ್ಮ ಮುಂಗೋಣೆಯ ಪರದೆ ಇಬ್ಬರು ಜೋಯಿಸರಾಗಿ ಹಾದುಹೋಯಿತು. ಹತ್ತನೆಯವನು ಹತ್ತಿದಾಗ ಹಲಗೆಗಳು ನರಳಿದವು. ಹದಿಮೂರನೆಯವನು ಯೋಸೇಫನನ್ನು ಒಂದು ಮೂಲೆಗೆ ಒತ್ತಿದ. ಹದಿನಾರನೆಯವನು 'ಸ್ವಲ್ಪ ಸರೀರಿ' ಎಂದದ್ದು ಕೊನೆಯ ಸಾಲಿನವರೆಗೂ ಕೇಳಿಸಿತು. ಹದಿನೇಳನೆಯವನು ನನ್ನ ಭಾವಮೈದುನ. ಭಾಷಣ ಕೊನೆಯಲ್ಲಿ ಬಂದರೆ ಕಳೆಗಟ್ಟುತ್ತದೆಂದು ತನ್ನನ್ನು ತಾನೇ ಕಡೆಗಿಟ್ಟುಕೊಂಡಿದ್ದ. ಅವನು ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟು, ರಂಗದ ಮೇಲೆ ಇನ್ನೊಂದು ಕಾಲಿಗೆ ಸ್ಥಳ ಹುಡುಕಿದ. ಇರಲಿಲ್ಲ. ಹಿಂದಕ್ಕೆ ಹೋಗೋಣವೆಂದರೆ ನಿಲುವಂಗಿಯ ಬಾಲ ಮೆಟ್ಟಿಲಿನ ಮೊಳೆಗೆ ಸಿಕ್ಕಿತ್ತು. ಕೈಯಲ್ಲಿ ಧೂಪದ ಪಾತ್ರೆ ಹಿಡಿದು, ಒಂಟಿಕಾಲಿನಲ್ಲಿ ನಿಂತು, ದೀನನಾಗಿ ಗೋದಲಿಯತ್ತ ನೋಡಿದ.

ಮರಿಯಳು ಎದ್ದು ನಿಂತಳು. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನಾಲ್ಕು ಜನ ನೋಡಿದರೆ ನಾಲಿಗೆ ಒಣಗುತ್ತಿದ್ದ ನನ್ನ ಮೊಮ್ಮಗಳು ನಾನೂರು ಜನರ ಮುಂದೆ, ಯಾರೂ ಕಲಿಸದ ಜಾಗದಲ್ಲಿ, ನಾನು ಕಲಿಸಿದ ಧ್ವನಿಯಲ್ಲಿ ಹೇಳಿದಳು:

"ಜಾಗವಿಲ್ಲ."

ಆಮೇಲಿನದನ್ನು ವರ್ಣಿಸಲಾರೆ. ಪೋಸ್ಟ್‌ಮಾಸ್ಟರು ಪರದೆ ಎಳೆಯಲು ಹೋಗಿ ನಗುತ್ತ ಪರದೆಯನ್ನೇ ಅಪ್ಪಿಕೊಂಡು ನಿಂತಿದ್ದರು. ನನ್ನ ಹೆಂಡತಿ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ನಾನೂ ನಕ್ಕೆನೆಂದು ಸಾಕ್ಷಿ ಹೇಳುವವರಿದ್ದಾರೆ. ನಾನು ಅದನ್ನು ಒಪ್ಪಿಕೊಂಡಿಲ್ಲ. ಗದ್ದಲದ ನಡುವೆ ಭಾವಮೈದುನ ಮಾತ್ರ ಮೆಟ್ಟಿಲಿನ ಮೇಲೆ ಹಾಗೆಯೇ ನಿಂತಿದ್ದ. ಆ ಮಾತು ಕೇಳಿಸಿಕೊಳ್ಳುವವನ ಕಡೆಯಿಂದ ಹೇಗಿರುತ್ತದೆಂದು ನನಗೆ ಇತ್ತೀಚೆಗಷ್ಟೇ ತಿಳಿದಿತ್ತಾದ್ದರಿಂದ, ಎದ್ದು ಹೋಗಿ ಅವನ ಬಾಲವನ್ನು ಮೊಳೆಯಿಂದ ಬಿಡಿಸಿದೆ. ಹಿಂದಿರುಗಿ ಕುರ್ಚಿಯ ಒಂದು ಅಂಚಿಗೆ ಸರಿದು ಕುಳಿತೆ.

"ಬಾರಯ್ಯ" ಎಂದೆ. "ಇಲ್ಲಿ ಜಾಗವಿದೆ."

ಅವನು ಬಂದು ಉಳಿದರ್ಧದಲ್ಲಿ ಕುಳಿತ. ಧೂಪದ ಪಾತ್ರೆಯನ್ನು ನನ್ನ ಕೈಚೀಲದ ಮೇಲಿಟ್ಟ. ರಂಗದಿಂದ ಕಣ್ಣು ತೆಗೆಯದೆ, "ಹುಡುಗಿ ಥೇಟ್ ನಿಮ್ಮ ಹಾಗೇ ಹೇಳಿದಳು ಭಾವ" ಎಂದ.

ಮರುದಿನ ಬೆಳಿಗ್ಗೆ ಇಬ್ಬರೂ ಕ್ಷೌರಿಕನ ಅಂಗಡಿಯಲ್ಲಿ ಅಕ್ಕಪಕ್ಕ ಕುಳಿತೆವು. ಮಾತು ಮಾತೇ. ಬೀದಿಯ ಅರ್ಧ ಜನ ಕಿಟಕಿಗೆ ಮೂಗು ಒತ್ತಿ ನಿಂತಿದ್ದರು. ಎರಡೂ ಮೀಸೆಗಳಿಗೆ ನೊರೆ ಹಚ್ಚಿಯಾಗಿತ್ತು. ಆ ದಾರಿಯಾಗಿ ಹೊರಟಿದ್ದ ಪಾದ್ರಿಗಳು ಒಳಗೆ ಬಂದು, ವಿಷಯ ಕೇಳಿ, ಬಂದಂದಿನಿಂದ ಮೊದಲ ಬಾರಿಗೆ ದೃಢವಾದ ಧ್ವನಿಯಲ್ಲಿ ಹೇಳಿದರು:

"ಕಣ್ಣಿಗೆ ಕಣ್ಣು, ಹಲ್ಲಿಗೆ ಹಲ್ಲು ಅಂತ ಇದೆ. ಮೀಸೆಗೆ ಮೀಸೆ ಅಂತ ಎಲ್ಲೂ ಇಲ್ಲ. ಪುಸ್ತಕದಲ್ಲಿ ಇಲ್ಲದ್ದನ್ನು ಮಾಡಕೂಡದು. ಮೇಷ್ಟ್ರೇ, ನಿಯಮ ನಿಮ್ಮದೇ."

ಕ್ಷೌರಿಕನು ನಿರಾಶನಾಗಿ ನೊರೆ ಒರೆಸಿದ. ಮೀಸೆಗಳ ಲೆಕ್ಕ ಅಲ್ಲಿಗೆ ಚುಕ್ತಾ.

ಕುರ್ಚಿಯದು ಮಾತ್ರ ಹಾಗಲ್ಲ. ಡಿಸೆಂಬರ್ ನಾಲ್ಕರಂದು ಅವನು ನನ್ನಿಂದ ತೆಗೆದುಕೊಂಡದ್ದು ಒಂದು. ಇಪ್ಪತ್ನಾಲ್ಕರಂದು ನಾನಾಗಿ ಕೊಟ್ಟದ್ದು ಅರ್ಧ. ಒಟ್ಟು ಒಂದೂವರೆ ಕುರ್ಚಿ. ಅಂಗಡಿಯಲ್ಲಿ ಮುನ್ನೂರು ಇಟ್ಟುಕೊಂಡವನಿಗೆ ಇದು ದೊಡ್ಡ ಮೊತ್ತವಲ್ಲ. ನಾನೂ ಆ ದಾರಿಯಲ್ಲಿ ಹೋದಾಗಲೆಲ್ಲ ನೆನಪಿಸುತ್ತೇನೆ. ಅವನು ನನ್ನನ್ನು ಬಲವಂತವಾಗಿ ಕೂರಿಸಿ, ಕಾಫಿ ಕೊಟ್ಟು, ಒಂದು ಕುರ್ಚಿ ಇಂದೇ ಕಳುಹಿಸುತ್ತೇನೆ ಎನ್ನುತ್ತಾನೆ. ನಾನು ಒಪ್ಪುವುದಿಲ್ಲ. ಕೊಟ್ಟರೆ ಒಂದೂವರೆಯನ್ನೂ ಒಟ್ಟಿಗೇ ಕೊಡಬೇಕು. ಅರ್ಧ ಕುರ್ಚಿಯನ್ನು ಮಾಡುವುದು ಹೇಗೆಂದು ಅವನಿಗೆ ಇನ್ನೂ ಹೊಳೆದಿಲ್ಲವಾದ್ದರಿಂದ ಬಾಕಿ ಹಾಗೆಯೇ ಇದೆ.